ಮೊಣಕೈಯಲ್ಲಿ ನಿಲ್ಲದ ತೋಳು

ಕೋಟಿನ ತೋಳನ್ನು ಮೇಲಕ್ಕೆ ಸರಿಸಿಕೊಳ್ಳುವುದು ಕ್ಷಣದ ಕೆಲಸ. ಅದು ಅಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದು ದಿನವಿಡೀ ಮುಗಿಯದ ಕೆಲಸ. ಕೈ ತೊಳೆಯಲೆಂದು ಮೊಣಕೈವರೆಗೆ ಏರಿಸಿದ್ದು ನಲ್ಲಿ ತಿರುಗಿಸುವಷ್ಟರಲ್ಲಿ ಮಣಿಕಟ್ಟಿಗೆ ಇಳಿದಿರುತ್ತದೆ. ಆರತಕ್ಷತೆಯ ಊಟಕ್ಕೆ ಕೂತ ಮದುಮಗ ಬಲಗೈಯಲ್ಲಿ ಸಾರನ್ನ ಕಲಸುತ್ತ ಎಡಗೈಯಿಂದ ತೋಳಿನ ಅಂಚು ಎತ್ತಿ ಹಿಡಿದಿರುತ್ತಾನೆ. ಬ್ಲೇಜರ್ ತೊಟ್ಟು ಬೋರ್ಡಿನ ಮೇಲೆ ಬರೆಯುವ ಅಧ್ಯಾಪಕಿ, ಕಲಬುರಗಿಯ ಬಿಸಿಲಿನಲ್ಲಿ ಕರಿ ಕೋಟು ಹಾಕಿಕೊಂಡು ಕಡತ ತಿರುವುವ ವಕೀಲರು, ಎಲ್ಲರದೂ ಒಂದೇ ಪಾಡು. ಏರಿಸುವುದು, ಇಳಿಯುವುದು, ಮತ್ತೆ ಏರಿಸುವುದು.

ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಕೆಡಿಸಿಕೊಳ್ಳಬೇಕು ಎಂದೇ ನನ್ನ ಉತ್ತರ. ಕೈಯಿಂದ ಕೆಲಸ ಮಾಡುವ ಮನುಷ್ಯನಿಗೆ ಬಟ್ಟೆ ಅಡ್ಡ ಬರಬಾರದು. ಅಡ್ಡ ಬರುತ್ತಿದೆ ಎಂದರೆ ತೊಟ್ಟವರ ಅಶಿಸ್ತು ಅದಕ್ಕೆ ಕಾರಣವಲ್ಲ. ಕಾರಣ ಅಳತೆಯಲ್ಲಿದೆ, ಅಸ್ತರಿನಲ್ಲಿದೆ, ನೂಲಿನಲ್ಲಿದೆ. ಅವನ್ನು ತಿಳಿದುಕೊಂಡರೆ ತೋಳು ನಿಲ್ಲಿಸುವುದು ಕಷ್ಟವಲ್ಲ.

ಮೊದಲು ಕೈಯನ್ನೇ ನೋಡೋಣ. ನಮ್ಮ ಮುಂಗೈ ಮೊಣಕೈಯಿಂದ ಎರಡು ಮೂರು ಬೆರಳು ಕೆಳಗೆ ಎಲ್ಲಕ್ಕಿಂತ ದಪ್ಪವಾಗಿರುತ್ತದೆ. ಅಲ್ಲಿಂದ ಮಣಿಕಟ್ಟಿನ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ. ಬೆಳೆದ ಗಂಡಸರಲ್ಲಿ ಆ ದಪ್ಪ ಭಾಗದ ಸುತ್ತಳತೆ ಸಾಮಾನ್ಯವಾಗಿ 10ರಿಂದ 11 ಇಂಚು, ಮಣಿಕಟ್ಟಿನದು 7 ಇಂಚಿನ ಆಸುಪಾಸು. ಕೋಟಿನ ತೋಳಿನ ಬಾಯಿ ಹೆಚ್ಚಾಗಿ 11ರಿಂದ 12 ಇಂಚು ಸುತ್ತಳತೆಗೆ ಹೊಲಿಯಲ್ಪಟ್ಟಿರುತ್ತದೆ. ಇಡೀ ಸಮಸ್ಯೆ ಈ ಒಂದು ಇಂಚಿನೊಳಗೆ ಅಡಗಿದೆ. ಬಾಯಿ 11 ಇಂಚಿದ್ದು ಒಳಗೆ ಷರ್ಟಿನ ತೋಳೂ ಇದ್ದರೆ, ದಪ್ಪ ಭಾಗವನ್ನು ದಾಟಿಸಿದ ಮೇಲೆ ಅಂಚು ಅದರ ಮೇಲುಗಡೆ, ಮೊಣಕೈಯ ಕೆಳಗಿನ ಸಣ್ಣ ತಗ್ಗಿನಲ್ಲಿ ಕೂರುತ್ತದೆ. 12 ಇಂಚಿದ್ದರೆ ಕೂರಲು ಅದಕ್ಕೆ ಜಾಗವೇ ಇಲ್ಲ. ಬಹಳ ಮಂದಿ ತೋಳನ್ನು ಮುಂಗೈಯ ನಡುವಿಗೆ ತಂದು ಬಿಟ್ಟುಬಿಡುತ್ತಾರೆ. ಅದು ಇಳಿಜಾರಿನ ಜಾಗ. ಇನ್ನೂ ಮೂರು ಬೆರಳು ಮೇಲೆ ಒಯ್ದಿದ್ದರೆ ಎಷ್ಟೋ ಕೋಟುಗಳು ತಾವಾಗಿಯೇ ನಿಲ್ಲುತ್ತಿದ್ದವು.

ಕೈ ಸುಮ್ಮನೆ ತೂಗುಬಿದ್ದಿದ್ದರೆ ಜಾರುವಿಕೆ ನಿಧಾನ. ಮೊಣಕೈ ಮಡಿಸಿದಾಗ ಆರಂಭವಾಗುತ್ತದೆ ನಿಜವಾದ ಪಯಣ. ಮಡಿಸಿದಾಗ ಮುಂಗೈಯ ಸ್ನಾಯು ಉಬ್ಬುತ್ತದೆ, ಬಟ್ಟೆ ಬಿಗಿಯುತ್ತದೆ. ಚಾಚಿದಾಗ ಉಬ್ಬು ಇಳಿದು ಬಟ್ಟೆಗೂ ಕೈಗೂ ನಡುವೆ ಸಡಿಲು ಬೀಳುತ್ತದೆ. ಆ ಸಡಿಲಿನಲ್ಲಿ ಅಂಚು ಕೂದಲೆಳೆಯಷ್ಟು ಕೆಳಗೆ ಸರಿಯುತ್ತದೆ. ಮುಂದಿನ ಮಡಿಕೆಗೆ ಇನ್ನಷ್ಟು. ಬರೆಯುವ, ಬಡಿಸುವ, ಟೈಪ್ ಮಾಡುವ ಕೈ ಗಂಟೆಯೊಳಗೆ ನೂರಾರು ಸಲ ಮಡಿಸಿ ಚಾಚುತ್ತದೆಯಾದ್ದರಿಂದ ತೋಳು ಕೆಳಗಿಳಿಯದೆ ಇನ್ನೇನು ಮಾಡೀತು?

ಅಸ್ತರಿನ ಮಾತು ಬಂದರೆ, ಕೋಟು ಸಲೀಸಾಗಿ ಮೈಗೇರಲಿ ಎಂದೇ ಅದನ್ನು ಹಾಕಿರುತ್ತಾರೆ. ಒಳಗಿನ ಹೊಲಿಗೆಯ ಅಂಚುಗಳನ್ನು ಮುಚ್ಚುವುದು ಅದರ ಇನ್ನೊಂದು ಕೆಲಸ. ಪಾಲಿಯೆಸ್ಟರ್, ವಿಸ್ಕೋಸ್, ಹತ್ತಿಬೀಜದ ಮೇಲಿನ ಕಿರುನಾರಿನಿಂದ ಮಾಡುವ ಕ್ಯುಪ್ರೊ, ಯಾವುದೇ ಆಗಲಿ, ಅಸ್ತರಿನ ಬಟ್ಟೆಯನ್ನು ಆರಿಸುವುದೇ ಅದರ ನುಣುಪಿಗಾಗಿ. ಷರ್ಟಿನ ತೋಳಿನ ಮೇಲೆ ಅದು ಎಷ್ಟು ಸಲೀಸಾಗಿ ಏರುತ್ತದೋ ಅಷ್ಟೇ ಸಲೀಸಾಗಿ ಇಳಿಯುತ್ತದೆ. ಹೊರಗಿನ ಬಟ್ಟೆ ಉಣ್ಣೆಯದಾದರಂತೂ ಕಷ್ಟ ಇಮ್ಮಡಿ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿ. ಎಳೆದರೆ ತನ್ನ ಉದ್ದದ ಕಾಲು ಭಾಗದಷ್ಟಾದರೂ ಹಿಗ್ಗಿ, ಬಿಟ್ಟರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಉಣ್ಣೆಯ ಸೂಟು ಸುಕ್ಕಾಗುವುದಿಲ್ಲ ಎಂದು ನಾವು ಮೆಚ್ಚುವುದು ಇದೇ ಗುಣವನ್ನು. ಮಡಚಿ ಏರಿಸಿದ ತೋಳನ್ನು ಬಿಚ್ಚಿ ಕೆಳಗೆ ತಳ್ಳುವುದೂ ಇದೇ ಗುಣ. ಲಿನನ್ ಇದಕ್ಕೆ ತದ್ವಿರುದ್ಧ. ಅಗಸೆಯ ನಾರು ಎಳೆದರೆ ನೂರಕ್ಕೆ ಎರಡು ಮೂರು ಪಾಲು ಹಿಗ್ಗುವಷ್ಟರಲ್ಲಿ ಕಡಿದುಹೋಗುತ್ತದೆ, ಮಡಚಿದರೆ ಮಡಚಿದಂತೆಯೇ ಉಳಿಯುತ್ತದೆ. ಸ್ವಲ್ಪ ಬೆವರಿನ ತೇವ, ಸ್ವಲ್ಪ ಮೈಯ ಬಿಸಿ ಸಿಕ್ಕರೆ ಆ ಸುಕ್ಕು ಇಸ್ತ್ರಿ ಮಾಡಿದಂತೆ ಗಟ್ಟಿಯಾಗುತ್ತದೆ. ಇಸ್ತ್ರಿ ಪ್ರಿಯರ ಬೈಗುಳಕ್ಕೆ ಗುರಿಯಾದ ಈ ಸುಕ್ಕೇ ತೋಳು ಏರಿಸುವವರ ಪಾಲಿಗೆ ಆಧಾರ.

ಕೋಟಿನ ತೋಳು ಏರಿಸುವುದನ್ನು ಜಗತ್ತಿನ ಖಯಾಲಿಯಾಗಿಸಿದ್ದು ಒಂದು ಟೆಲಿವಿಷನ್ ಧಾರಾವಾಹಿ. 1984ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಮಯಾಮಿ ವೈಸ್’ ಶುರುವಾಯಿತು. ಮಯಾಮಿ ಕಡಲತಡಿಯ ಸೆಖೆ, ತಿಳಿಗುಲಾಬಿ ಹಾಗೂ ತಿಳಿನೀಲಿ ಗೋಡೆಗಳು, ಮಾದಕ ದ್ರವ್ಯ ಸಾಗಣೆದಾರರ ಬೆನ್ನು ಹತ್ತಿದ ಇಬ್ಬರು ಪತ್ತೇದಾರರು. ಅವರಲ್ಲಿ ಡಾನ್ ಜಾನ್ಸನ್ ನಟಿಸಿದ ಸನ್ನಿ ಕ್ರಾಕೆಟ್, ಟಿ-ಷರ್ಟಿನ ಮೇಲೆ ತಿಳಿಬಣ್ಣದ ಸಡಿಲ ಇಟಾಲಿಯನ್ ಕೋಟು ತೊಟ್ಟು, ಅದರ ತೋಳನ್ನು ಮೊಣಕೈಗೆ ಸರಿಸಿಕೊಂಡು ತಿರುಗಾಡುತ್ತಿದ್ದ. ಕಾಲಿಗೆ ಶೂ, ಕಾಲುಚೀಲವಿಲ್ಲ. ಅವನ ಜೊತೆಗಾರ ಟಬ್ಸ್ ಪಾತ್ರದ ಫಿಲಿಪ್ ಮೈಕೆಲ್ ಥಾಮಸ್ ಗುಂಡಿ ಹಾಕಿದ ಅಚ್ಚುಕಟ್ಟಾದ ಸೂಟಿನಲ್ಲಿರುತ್ತಿದ್ದ. ಆದರೆ ಗಂಡಸರು ಅನುಕರಿಸಿದ್ದು ಕ್ರಾಕೆಟ್‌ನನ್ನು. ಸೂಟು ಎಂದರೆ ಬಿಗಿ, ಟೈ, ಕಚೇರಿ ಎಂಬ ಕಾಲದಲ್ಲಿ ಕೋಟನ್ನು ಷರ್ಟಿನಷ್ಟು ಹಗುರವಾಗಿ ನಡೆಸಿಕೊಳ್ಳಬಹುದೆಂದು ಆತ ವಾರವಾರವೂ ತೋರಿಸಿದ.

ಆ ಕೋಟಿನ ಹಿಂದೆ ಇನ್ನೊಬ್ಬರ ಹತ್ತು ವರ್ಷದ ಕೆಲಸವಿತ್ತು. ಜಾರ್ಜಿಯೊ ಅರ್ಮಾನಿ 1934ರಲ್ಲಿ ಇಟಲಿಯ ಪಿಯಾಚೆಂಜಾದಲ್ಲಿ ಹುಟ್ಟಿದವರು. ಮಿಲಾನಿನಲ್ಲಿ ವೈದ್ಯಕೀಯ ಓದಲು ಸೇರಿ ನಡುವೆಯೇ ಬಿಟ್ಟರು, ಲಾ ರಿನಾಶೆಂತೆ ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡಿದರು, ನೀನೊ ಚೆರ್ರೂತಿಯವರ ಬಳಿ ಗಂಡಸರ ಉಡುಪು ವಿನ್ಯಾಸ ಮಾಡುತ್ತ ಬಟ್ಟೆಯ ಮರ್ಮ ಕಲಿತರು, 1975ರಲ್ಲಿ ಸೆರ್ಜಿಯೊ ಗಲೆಯೊತ್ತಿಯವರ ಜೊತೆ ಸ್ವಂತ ಸಂಸ್ಥೆ ಕಟ್ಟಿದರು. ಅವರು ಮಾಡಿದ್ದು, ಕೋಟಿನ ಒಳಗಿನದನ್ನು ಒಂದೊಂದಾಗಿ ತೆಗೆದದ್ದು. ಭುಜದ ಗಾದಿ ತೆಳುವಾಯಿತು, ಎದೆಯ ಗಟ್ಟಿ ಕ್ಯಾನ್ವಾಸ್ ಹೋಯಿತು, ಅಸ್ತರು ಹಗುರವಾಯಿತು ಅಥವಾ ಇಲ್ಲವಾಯಿತು. ಬಟ್ಟೆ ಮೈಯ ಮೇಲೆ ತಾನಾಗಿ ಬೀಳತೊಡಗಿತು. 1980ರ ‘ಅಮೆರಿಕನ್ ಜಿಗೊಲೊ’ ಚಿತ್ರದಲ್ಲಿ ರಿಚರ್ಡ್ ಗೇರ್ ತೊಟ್ಟ ಕೋಟುಗಳು ಅವರ ಹೆಸರನ್ನು ಅಟ್ಲಾಂಟಿಕ್ ದಾಟಿಸಿದವು. 1982ರಲ್ಲಿ ‘ಟೈಮ್’ ಪತ್ರಿಕೆ ಅವರನ್ನು ಮುಖಪುಟದಲ್ಲಿ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಬರೆದವರೆಲ್ಲ ಆ ಮೆದು ಕೋಟನ್ನು ನೆನೆದರು. ಏರಿಸಿದ ತೋಳಿಗೂ ಅವರಿಗೂ ಇರುವ ನಂಟು ನನಗೆ ಅಷ್ಟೇ ಮುಖ್ಯ. ಗಟ್ಟಿ ಕೋಟಿನ ತೋಳು ಏರಿಸಿದರೆ ಅದು ಕೊಳವೆಯ ಹಾಗೆ ಸೆಟೆದು ನಿಲ್ಲುತ್ತದೆ. ಮೆದು ಕೋಟಿನ ತೋಳು ಮಾತ್ರ ನೆರಿಗೆಗಳಾಗಿ ಕುಸಿದು, ಆ ನೆರಿಗೆಗಳ ಒತ್ತಿನಿಂದಲೇ ಅಲ್ಲಿ ಉಳಿಯುತ್ತದೆ.

ಕ್ರಾಕೆಟ್ ಮಾದರಿಯ ಉಡುಪನ್ನು ಹೀಗೆ ಬಿಡಿಸಿ ನೋಡಿದರೆ ಅದು ಬರೀ ಸೋಗಲ್ಲ ಎಂಬುದು ತಿಳಿಯುತ್ತದೆ. ಒಳಗೆ ಗಿಡ್ಡ ತೋಳಿನ ಟಿ-ಷರ್ಟು, ಆದ್ದರಿಂದ ಮುಂಗೈಯಲ್ಲಿ ಇನ್ನೊಂದು ನುಣುಪು ಪದರವಿಲ್ಲ. ಬಟ್ಟೆ ನೇರ ಚರ್ಮಕ್ಕೆ ತಾಗುತ್ತದೆ, ಆ ಚರ್ಮ ಕಡಲೂರಿನ ಸೆಖೆಗೆ ತುಸು ತೇವವಾಗಿರುತ್ತದೆ. ಒಣ ಚರ್ಮಕ್ಕಿಂತ ತೇವ ಚರ್ಮದ ಮೇಲೆ ಬಟ್ಟೆಗೆ ಹಿಡಿತ ಹೆಚ್ಚು. ಮಂಗಳೂರು, ಕಾರವಾರದ ಹವೆಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿ ಕೋಟು ತೊಡಲೇಬೇಕಾದವರು ಅಸ್ತರಿಲ್ಲದ ತೋಳಿನ ಲಿನನ್ ಕೋಟು, ಒಳಗೆ ಅರೆತೋಳು ಎಂಬ ಈ ಜೋಡಿಯನ್ನು ನೆಚ್ಚಿಕೊಳ್ಳಬಹುದು.

ನಾಲ್ಕು ಗುಂಡಿಗಳ ಕಥೆಗೆ ಬರೋಣ. ಪ್ರತಿ ಕೋಟಿನ ತೋಳಿನ ಹಿಂಬದಿಯಲ್ಲಿ ಮೂರೋ ನಾಲ್ಕೋ ಸಣ್ಣ ಗುಂಡಿಗಳು ಸಾಲಾಗಿ ಇರುತ್ತವೆ. ಅಂಗಡಿಯಲ್ಲಿ ಕೊಂಡ ಕೋಟಿನಲ್ಲಿ ಅವು ಹೆಚ್ಚಾಗಿ ಬಿಚ್ಚುವುದಿಲ್ಲ. ಕಾಜಾದ ಹೊಲಿಗೆ ಇದ್ದರೂ ನಡುವೆ ಕತ್ತರಿಸಿರುವುದಿಲ್ಲ. ಕೈಯಳತೆಗೆ ಹೊಲಿಸಿದ ಕೋಟಿನಲ್ಲಿ ಅವು ನಿಜವಾಗಿ ಬಿಚ್ಚುತ್ತವೆ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿಗಳ ಬಾಯಲ್ಲಿ ಇದಕ್ಕೆ ಸರ್ಜನ್ಸ್ ಕಫ್ ಎಂಬ ಹೆಸರು. ಕೋಟು ತೊಟ್ಟೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಹತ್ತೊಂಬತ್ತನೆಯ ಶತಮಾನದ ವೈದ್ಯರು ಗುಂಡಿ ಬಿಚ್ಚಿ ತೋಳನ್ನು ಹಿಂದಕ್ಕೆ ಮಡಚುತ್ತಿದ್ದರು ಎಂಬುದು ಆ ಹೆಸರಿನೊಡನೆ ಬಂದಿರುವ ಕಥೆ. ಗುಂಡಿ ಬಿಚ್ಚಿದರೆ ತೋಳಿನ ಬಾಯಿ ಅಗಲವಾಗುತ್ತದೆ, ಎರಡು ಸುತ್ತು ಮಡಚಬಹುದು. ಮಡಚಿದ ಬಟ್ಟೆ ತನ್ನದೇ ದಪ್ಪದಿಂದ ಬಳೆಯಂತಾಗಿ ಮುಂಗೈಗೆ ಕಚ್ಚುತ್ತದೆ. ಏರಿಸಿದ್ದು ಜಾರಬಹುದು, ಸರಿಯಾಗಿ ಮಡಚಿದ್ದು ಅಷ್ಟು ಬೇಗ ಜಾರದು.

ಸಿದ್ಧ ಉಡುಪಿನವರು ಆ ಕಾಜಾಗಳನ್ನು ಯಾಕೆ ಕತ್ತರಿಸುವುದಿಲ್ಲ? ಎಲ್ಲರ ಕೈಯುದ್ದ ಒಂದೇ ಅಲ್ಲ. ಕೊಂಡವರು ತೋಳು ಗಿಡ್ಡ ಮಾಡಿಸಲು ಬರುತ್ತಾರೆ. ಕಾಜಾ ಕತ್ತರಿಸಿದ್ದರೆ ಕೆಳಗಿನಿಂದ ಹೆಚ್ಚು ಗಿಡ್ಡ ಮಾಡಲಾಗದು, ಭುಜದಲ್ಲಿ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಅದು ಪಳಗಿದ ಕೈಯ, ದುಬಾರಿ ಕೆಲಸ. ಕಾರಣ ಸರಿಯೇ. ಆದರೆ ಒಮ್ಮೆ ಅಳತೆ ಸರಿಹೋದ ಮೇಲೆ ಕಾಜಾ ಕತ್ತರಿಸಿಕೊಡಿ ಎಂದು ಕೇಳುವ ಅಭ್ಯಾಸವೇ ನಮ್ಮಲ್ಲಿ ಬೆಳೆಯಲಿಲ್ಲ ಎಂಬುದು ನನ್ನ ನೋವು. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಮೈಸೂರು ರಸ್ತೆಗಳ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ದಿನವೂ ಕಾಜಾ, ಕಫ್, ಗುಂಡಿಗಳನ್ನು ಹೊಲಿದು ಜಗತ್ತಿಗೆಲ್ಲ ಕಳಿಸುತ್ತಾರೆ. ಆ ಕೈಚಳಕ ನಮ್ಮ ಊರಿನಲ್ಲೇ ಇದೆ.

ತೋಳು ಮೇಲೆ ನಿಲ್ಲಿಸುವ ಸಲಕರಣೆಗಳಿಗೆ ಹಳೆಯ ಚರಿತ್ರೆಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧ ಷರ್ಟುಗಳು ಬಂದಾಗ ತೋಳಿನ ಉದ್ದದಲ್ಲಿ ಆಯ್ಕೆ ಇರಲಿಲ್ಲ, ಗಿಡ್ಡ ಕೈಯವರಿಗೆ ಅಂಗೈ ಮುಚ್ಚಿಹೋಗುವಷ್ಟು ಉದ್ದ. ಆಗ ಬಳಕೆಗೆ ಬಂದದ್ದು ರಟ್ಟೆಗೆ ತೊಡುವ ಸ್ಪ್ರಿಂಗಿನ ಅಥವಾ ಎಲಾಸ್ಟಿಕ್ಕಿನ ಪಟ್ಟಿ. ಅಮೆರಿಕ, ಇಂಗ್ಲೆಂಡುಗಳ ಬ್ಯಾಂಕ್ ಗುಮಾಸ್ತರು, ಮದ್ಯದಂಗಡಿಯವರು, ಮಸಿಯ ನಡುವೆ ದುಡಿಯುವವರು ಅದನ್ನು ಹಾಕಿಕೊಂಡು ಹೆಚ್ಚುವರಿ ಬಟ್ಟೆಯನ್ನು ಮೇಲೆ ಎಳೆದು ನಿಲ್ಲಿಸುತ್ತಿದ್ದರು. ರಬ್ಬರ್ ಈ ಕೆಲಸಕ್ಕೆ ಬಂದದ್ದು ಗಂಧಕದೊಡನೆ ಅದನ್ನು ಕಾಯಿಸುವ ವಿದ್ಯೆ ಸಿದ್ಧಿಸಿದ ಮೇಲೆ. ಅಲ್ಲಿಯವರೆಗೆ ಅದು ಬೇಸಿಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಬಿರುಕು ಬಿಡುತ್ತಿತ್ತು. ಚಾರ್ಲ್ಸ್ ಗುಡ್‌ಇಯರ್ ಅದರ ಹಕ್ಕುಪತ್ರ ಪಡೆದದ್ದು 1844ರಲ್ಲಿ. ಮರುವರ್ಷವೇ, 1845ರ ಮಾರ್ಚ್‌ನಲ್ಲಿ, ಲಂಡನ್ನಿನ ಸ್ಟೀಫನ್ ಪೆರ್ರಿ ರಬ್ಬರ್ ಬ್ಯಾಂಡಿಗೆ ಹಕ್ಕುಪತ್ರ ಪಡೆದರು. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ನೂಲು ಕಂಡುಹಿಡಿದ ಮೇಲೆ ಬಟ್ಟೆಯೇ ಹಿಗ್ಗುವ ಕಾಲ ಬಂತು.

ಜಪಾನಿನವರ ಉಪಾಯ ಇವೆಲ್ಲಕ್ಕಿಂತ ನನಗೆ ಇಷ್ಟ. ಕಿಮೊನೊದ ಜೋಲು ತೋಳು ಅಡುಗೆಗೂ ಬಟ್ಟೆ ಒಗೆಯುವುದಕ್ಕೂ ಅಡ್ಡಿ. ಅವರು ತಸುಕಿ ಎಂಬ ಉದ್ದನೆಯ ಪಟ್ಟಿಯನ್ನು ಕಂಕುಳಡಿಯಿಂದ ಭುಜದ ಮೇಲಕ್ಕೆ ಹಾಯಿಸಿ, ಬೆನ್ನಿನಲ್ಲಿ ಗುಣಿಸು ಚಿಹ್ನೆಯಂತೆ ದಾಟಿಸಿ ಕಟ್ಟುತ್ತಾರೆ. ಇಡೀ ತೋಳಿನ ಭಾರ ಮುಂಗೈಯನ್ನು ಬಿಟ್ಟು ಭುಜಕ್ಕೆ ಹೋಗುತ್ತದೆ. ಮುಂಗೈಗೆ ಬಿಗಿತವೇ ಇಲ್ಲ, ಜಾರುವ ಮಾತೂ ಇಲ್ಲ. ಸಾವಿರದೈನೂರು ವರ್ಷಗಳಷ್ಟು ಹಿಂದಿನ ಹನಿವಾ ಮಣ್ಣಿನ ಬೊಂಬೆಗಳಲ್ಲೇ ಇಂಥ ಪಟ್ಟಿ ತೊಟ್ಟ ಹೆಂಗಸರಿದ್ದಾರೆ.

ನಮ್ಮ ಕೊಡಗಿನವರು ತೋಳನ್ನು ಮೊಣಕೈಗೇ ನಿಲ್ಲಿಸಿಬಿಟ್ಟರು. ಕೊಡವ ಗಂಡಸರ ಕುಪ್ಯ ಮೊಣಕಾಲಿನವರೆಗೆ ಬರುವ ನಿಲುವಂಗಿ. ಅದರ ತೋಳು ಅರ್ಧ. ಒಳಗಿನ ಬಿಳಿ ಷರ್ಟಿನ ತೋಳು ಹೊರಗೆ ಕಾಣುತ್ತದೆ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಪೀಚೆಕತ್ತಿ. ಸಾಮಾನ್ಯ ಕುಪ್ಯ ಕಪ್ಪು, ಮದುಮಗನದು ಬಿಳಿ. ಇಷ್ಟು ಗಂಭೀರವಾದ, ಮದುವೆಗೂ ಹಬ್ಬಕ್ಕೂ ಸಲ್ಲುವ ಕೋಟಿನ ತೋಳು ಮೊಣಕೈಯಲ್ಲಿ ಮುಗಿದರೂ ಅದರ ಘನತೆಗೆ ಏನೂ ಕುಂದಾಗಿಲ್ಲ. ಉದ್ದ ತೋಳಿದ್ದರೇ ಮರ್ಯಾದೆ ಎನ್ನುವವರು ಮಡಿಕೇರಿಯ ಯಾವುದಾದರೂ ಮದುವೆ ಮಂಟಪದಲ್ಲಿ ಒಮ್ಮೆ ನಿಂತು ನೋಡಬೇಕು.

ಮರ್ಯಾದೆಯ ಈ ಪ್ರಶ್ನೆ ಬೇರೆ ಕಡೆಯೂ ಎದ್ದಿದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ 2007ರಲ್ಲಿ, ರೋಗಿಯನ್ನು ಮುಟ್ಟುವ ವೈದ್ಯರ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಬೇಕೆಂಬ ನಿಯಮ ತಂದಿತು; ಸೋಂಕು ಹರಡದಿರಲಿ, ಕೈ ಸರಿಯಾಗಿ ತೊಳೆಯಲಾಗಲಿ ಎಂದು. ಉದ್ದ ತೋಳಿನ ಬಿಳಿ ಕೋಟು ಅಲ್ಲಿ ಮರೆಯಾಯಿತು. ಅಮೆರಿಕದ ಮರೀನ್ ಪಡೆಯಲ್ಲಿ 2011ರಲ್ಲಿ ಸಮವಸ್ತ್ರದ ತೋಳು ಮಡಚುವುದನ್ನು ನಿಲ್ಲಿಸಿದರು. ಸೈನಿಕರಿಗೆ ಅದು ಎಷ್ಟು ಬೇಸರ ತಂದಿತೆಂದರೆ 2014ರಲ್ಲಿ ಮತ್ತೆ ಅನುಮತಿ ಕೊಟ್ಟರು. ಅವರು ಮಡಚುವ ಬಗೆ ನೋಡುವಂಥದ್ದು: ಒಳಮೈ ಹೊರಗೆ ಬರುವಂತೆ ಪದರ ಪದರವಾಗಿ, ಬಿಗಿಯಾಗಿ ಮಡಚುತ್ತಾರೆ. ನಮ್ಮ ವಕೀಲರ ಪರಿಷತ್ತಿನ ನಿಯಮದಲ್ಲೂ ಸುಪ್ರೀಂ ಕೋರ್ಟ್, ಹೈಕೋರ್ಟುಗಳನ್ನು ಬಿಟ್ಟು ಉಳಿದೆಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. ಆದರೂ ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆ ಮುಗಿಯಿತೆಂದು ಕ್ಯಾಲೆಂಡರ್ ಹೇಳಿದ ಮಾತ್ರಕ್ಕೆ ಸೆಖೆ ಮುಗಿಯುವುದಿಲ್ಲ.

ಹಾಗಾದರೆ ಈಗ ಬೀರುವಿನಲ್ಲಿರುವ ಕೋಟಿಗೆ ಏನು ಮಾಡುವುದು? ಉಡುಪು ಚಿತ್ರೀಕರಣದವರು ಬಳಸುವ ಉಪಾಯ ಎಲ್ಲಕ್ಕಿಂತ ಸುಲಭ. ಕೂದಲು ಕಟ್ಟುವ, ಬಟ್ಟೆ ಸುತ್ತಿದ ಎಲಾಸ್ಟಿಕ್ ಬ್ಯಾಂಡು ತೆಗೆದುಕೊಳ್ಳಿ. ಕೋಟು ತೊಟ್ಟ ಮೇಲೆ ಅದನ್ನು ತೋಳಿನ ಹೊರಗಿನಿಂದಲೇ, ಅಂಚಿನ ಹತ್ತಿರ ಏರಿಸಿ. ತೋಳನ್ನೂ ಬ್ಯಾಂಡನ್ನೂ ಒಟ್ಟಿಗೆ ಮೊಣಕೈಯ ಕೆಳಗಿನವರೆಗೆ ಸರಿಸಿ. ಮೇಲಿನ ಬಟ್ಟೆಯನ್ನು ಸ್ವಲ್ಪ ಕೆಳಗೆಳೆದು ಬ್ಯಾಂಡಿನ ಮೇಲೆ ನೆರಿಗೆಯಾಗಿ ಇಳಿಬಿಡಿ. ಬ್ಯಾಂಡು ಕಾಣದು, ತೋಳು ಕದಲದು. ಬರಿಯ ರಬ್ಬರ್ ಬ್ಯಾಂಡು ಬೇಡ. ಅದು ಬಟ್ಟೆಯನ್ನು ಚಿವುಟಿ ಗುರುತು ಮಾಡುತ್ತದೆ, ಕೈಯನ್ನೂ ಕೊಯ್ಯುತ್ತದೆ. ಬಹಳ ಬಿಗಿ ಬೇಕಾಗಿಯೂ ಇಲ್ಲ. ಮುಂಗೈಯ ಇಳಿಜಾರು ಕೆಲವೇ ಡಿಗ್ರಿ. ಅಷ್ಟನ್ನು ತಡೆಯಲು ಬಟ್ಟೆಯ ಹಿಡಿತ ಸಾಕು, ಬ್ಯಾಂಡಿನ ಬಿಗಿ ಬೇಕಾಗುವುದು ಕೋಟಿನ ಭಾರಕ್ಕೂ ಅದು ಹಿಂದಕ್ಕೆ ಬಿಚ್ಚಿಕೊಳ್ಳುವ ಒತ್ತಡಕ್ಕೂ ಮಾತ್ರ. ಒಳಗೆ ಒಂದು ಬೆರಳು ಸಲೀಸಾಗಿ ತೂರುವಂತಿರಬೇಕು. ಮೊಣಕೈಯ ಒಳಮೂಲೆಯಲ್ಲಿ ತಾಗಿದರೆ ಜುಮ್ಮೆನ್ನುವ ನರವೊಂದು ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ, ಅದರ ಮೇಲೆ ಬ್ಯಾಂಡು ಕೂರಬಾರದು. ಕಿರುಬೆರಳು ಜೋಮು ಹಿಡಿದರೆ ತಕ್ಷಣ ತೆಗೆಯಿರಿ.

ಪದೇ ಪದೇ ಬೇಕಾಗುವವರು ಟೈಲರ್ ಹತ್ತಿರ ಹೋಗುವುದು ಒಳ್ಳೆಯದು. ಸೈಕಲ್ ಸವಾರರ ಚಡ್ಡಿಯ ಅಂಚಿನಲ್ಲಿ ಸಿಲಿಕೋನ್ ಚುಕ್ಕಿಗಳ ಎಲಾಸ್ಟಿಕ್ ಇರುತ್ತದೆ, ಚಡ್ಡಿ ತೊಡೆಯ ಮೇಲಕ್ಕೆ ಏರದಂತೆ ಹಿಡಿಯಲು. ಅದೇ ಪಟ್ಟಿಯನ್ನು ತೋಳಿನ ಅಸ್ತರಿನ ಒಳಂಚಿಗೆ, ಚುಕ್ಕಿಗಳು ಕೈಗೆ ತಾಗುವಂತೆ ಹೊಲಿಸಬಹುದು. ಹೊರಗೆ ಕಾಣುವುದೇ ಇಲ್ಲ. ಕುರ್ತಾಗಳಲ್ಲಿ ಬರುವ ಒಳಪಟ್ಟಿ ಮತ್ತು ಹೊರಗುಂಡಿಯ ಏರ್ಪಾಡು ತೆಳು ಹತ್ತಿಯ ಜಾಕೆಟ್ಟಿಗೆ ಚೆನ್ನ. ದಪ್ಪ ಉಣ್ಣೆಗೆ ಹೊಂದದು. ಒಳಗೆ ಉದ್ದ ತೋಳಿನ ಷರ್ಟಿದ್ದರೆ ಇನ್ನೊಂದು ದಾರಿ: ಷರ್ಟಿನ ಕಫನ್ನು ಬಿಚ್ಚಿ, ಏರಿಸಿದ ಕೋಟಿನ ಅಂಚಿನ ಮೇಲೆ ಹಿಂದಕ್ಕೆ ಮಡಚಿ. ಕಫಿನ ಗಟ್ಟಿ ಪದರ ಕೋಟಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಡೆನಿಮ್ ಜಾಕೆಟ್ಟಿನ ಕಫಿನ ಗುಂಡಿ ಬಿಚ್ಚದೆ ಏರಿಸಬೇಡಿ, ಹೆಣೆದ ಪಟ್ಟಿಯ ಬಾಂಬರ್ ಜಾಕೆಟ್ಟಿಗೆ ಯಾವ ಉಪಾಯವೂ ಬೇಡ. ಪಟ್ಟಿ ಸಡಿಲಾಗುವವರೆಗೆ ಅದೇ ನಿಲ್ಲುತ್ತದೆ.

ಸಂಜೆ ಮನೆಗೆ ಬಂದ ಮೇಲೆ ಉಣ್ಣೆಯ ಕೋಟಿನ ತೋಳನ್ನು ಇಳಿಸಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ, ಸ್ನಾನದ ಬಿಸಿನೀರಿನ ಆವಿ ತಾಗುವ ಕಡೆ ತೂಗುಹಾಕಿ. ಬೆಳಗಾಗುವಷ್ಟರಲ್ಲಿ ನೆರಿಗೆಗಳು ಬಹುಮಟ್ಟಿಗೆ ಮಾಯವಾಗಿರುತ್ತವೆ. ಮೇಲಕ್ಕೆ ಸರಿಸುವಾಗ ಅಂಚನ್ನು ಹಿಡಿದು ಜಗ್ಗಬೇಡಿ, ಕಂಕುಳಿನ ಬಳಿ ಅಸ್ತರಿನ ಹೊಲಿಗೆ ಬಿಡುವುದು ಹೀಗೆ ಜಗ್ಗುವುದರಿಂದಲೇ.

ಹೊಸ ಕೋಟು ಹೊಲಿಸುವವರು ಅಳತೆ ಕೊಡುವಾಗ ಕೈಯನ್ನು ಇಳಿಬಿಟ್ಟು ನಿಂತರೆ ಸಾಲದು. ಮೊಣಕೈ ಮಡಿಸಿ, ಮುಷ್ಟಿ ಬಿಗಿದು, ಮುಂಗೈಯ ದಪ್ಪ ಭಾಗದ ಅಳತೆಯನ್ನೂ ಟೇಪಿನಲ್ಲಿ ತೆಗೆಸಿ; ತೋಳಿನ ಬಾಯಿ ಅದಕ್ಕಿಂತ ತುಸುವೇ ಹೆಚ್ಚಿರಲಿ. ಮೈಗೆ ಅಸ್ತರು ಹಾಕಿಸಿದರೂ ತೋಳಿನ ಕೆಳಗಿನ ಅರ್ಧಕ್ಕೆ ಹತ್ತಿಯ ಅಸ್ತರು ಕೇಳಿ, ಮೇಲಿನ ಅರ್ಧ ನುಣುಪಿರಲಿ, ಕೋಟು ತೊಡಲು ಅಷ್ಟು ಸಾಕು. ನಾಲ್ಕು ಗುಂಡಿಗಳಲ್ಲಿ ಕೆಳಗಿನ ಎರಡಕ್ಕೆ ಮಾತ್ರ ಕಾಜಾ ಕತ್ತರಿಸಿ, ಮೇಲಿನ ಎರಡನ್ನು ಹಾಗೇ ಬಿಡುವುದು ಅನುಭವಸ್ಥ ಟೈಲರುಗಳ ಪದ್ಧತಿ. ಮಡಚಲು ಎರಡು ಬಿಚ್ಚಿದರೆ ಸಾಕಾಗುತ್ತದೆ, ಮುಂದೆ ತೋಳಿನ ಉದ್ದ ಅರ್ಧ ಇಂಚು ಹೆಚ್ಚು ಕಡಿಮೆ ಮಾಡಬೇಕಾಗಿ ಬಂದರೂ ಕೋಟು ಉಳಿಯುತ್ತದೆ.